ಕೊರಳಪಟ್ಟಿಯ ಇಸವಿ

ಗಂಟೆ ಬಂದು ಕೊಟ್ಟಿಗೆಯ ಮುಂದೆ ಇಳಿದದ್ದು ನವೆಂಬರಿನ ಒಂದು ಬುಧವಾರ ಬೆಳಿಗ್ಗೆ. ಅದು ಅಲ್ಲಿಗೆ ಬರಬೇಕಾದದ್ದೇ ಅಲ್ಲ. ಏರ್ಲೆನ್‌ಗ್ರಾಬನ್ ಐಸ್ ಹಾಕಿ ಕ್ಲಬ್ಬಿನ ಆಫೀಸಿಗೆ ಹೋಗಬೇಕಿತ್ತು, ಅದೂ ಯಾರ ಕಣ್ಣಿಗೂ ಬೀಳದ ಹಾಗೆ. ಆದರೆ ವ್ಯಾನಿನವನು ಕಣಿವೆಯ ಹುಡುಗ. ಕೊರಳಪಟ್ಟಿಯ ಮೇಲೆ ಹಾಬೆಗ್ಗರ್ ಎಂಬ ಹೆಸರು ಕಂಡಿತು, ಹಾಬೆಗ್ಗರ್ ಮನೆಯಲ್ಲಿ ಹದಿನಾಲ್ಕು ಹಸುಗಳಿರುವುದು ಅವನಿಗೆ ಗೊತ್ತಿತ್ತು, ವಿಳಾಸದ ಚೀಟಿ ನೋಡುವ ಗೋಜಿಗೇ ಹೋಗಲಿಲ್ಲ. ಹಸುವಿನ ಗಂಟೆ ಹಸುವಿರುವ ಕಡೆಗಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ?

ಗಂಟೆಯನ್ನು ಇಳಿಸಿಕೊಂಡವಳು ಆ ಮನೆಯ ತೆರೆಸ್. ಹಾಲು ಕರೆದು ಮುಗಿಸಿ ಕೈ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಅದಕ್ಕೆ ಸುತ್ತಿದ್ದ ಕಂಬಳಿ ಸರಿಸಿ ನೋಡಿದಳು. ಆಳೆತ್ತರದ ಗಂಟೆಯೇನಲ್ಲ, ಮೊಣಕಾಲಿನವರೆಗೆ ಬರುವಂಥದ್ದು, ಕಂಚಿನದ್ದು. ಕರಿ ಚರ್ಮದ ಅಗಲ ಪಟ್ಟಿಯ ಮೇಲೆ ಕೆಂಪು, ಬಿಳಿ ದಾರದಲ್ಲಿ ಕಸೂತಿ: ಲೊರೆಂಟ್ಸ್ ಹಾಬೆಗ್ಗರ್, 27, 2005–2024, ಕ್ಲಬ್ಬಿನ ಕೃತಜ್ಞತೆಗಳು. ಇಪ್ಪತ್ತೇಳು ಲೊರೆಂಟ್ಸ್‌ನ ಆಟದ ಅಂಗಿಯ ನಂಬರು.

ಈ ಕಡೆ ಮನುಷ್ಯನಿಗೆ ಹೆಸರು ಹೊಲಿದ ಪಟ್ಟಿಯ ಗಂಟೆ ಕೊಟ್ಟರೆ ಅದರ ಅರ್ಥ ಮಗುವಿಗೂ ಗೊತ್ತು. ನಲವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ಕೊಡುತ್ತಾರೆ, ಅಂಚೆಯವನಿಗೆ ಕೊಡುತ್ತಾರೆ. ಆಯಿತಪ್ಪ, ಬಹಳ ಮಾಡಿದೆ, ಇನ್ನು ಮನೆಗೆ ಹೋಗು ಎಂದು.

ತೆರೆಸ್ ತನ್ನ ತಮ್ಮ ಲೊರೆಂಟ್ಸ್‌ಗೆ, ಎಲ್ಲರ ಬಾಯಲ್ಲಿ ಲೆಂಟ್ಸ್ ಆದವನಿಗೆ, ಫೋನ್ ಮಾಡಿದಳು. ಅವಳಿಗೆ ಬಂದ ಸಿಟ್ಟು ಕ್ಲಬ್ಬಿನ ಮೇಲಲ್ಲ, ಅವನ ಮೇಲೆ.

"ಲೆಂಟ್ಸ್, ನೀನು ಆಟ ಬಿಡ್ತಿದೀಯ ಅಂತ ನಾನು ಗಂಟೆ ನೋಡಿ ತಿಳ್ಕೋಬೇಕೇನೋ? ಒಡಹುಟ್ಟಿದವಳಿಗೆ ಒಂದು ಮಾತು ಹೇಳೋಕಾಗ್ಲಿಲ್ವ ನಿನಗೆ?"

"ಯಾರಕ್ಕ ಆಟ ಬಿಡ್ತಿರೋರು?"

"ನಾಟಕ ಮಾಡ್ಬೇಡ. ಇಲ್ಲೇ ಇದೆ, ನನ್ನ ಕಾಲ ಬುಡದಲ್ಲಿ. ಎರಡ್ ಸಾವಿರದ ಇಪ್ಪತ್ನಾಲ್ಕು ಅಂತ ಹೊಲ್ದಿದೆ."

ಲೆಂಟ್ಸ್ ಆಗ ಅಡುಗೆಮನೆಯಲ್ಲಿ ನಿಂತು ಎಡಗೈಯ ಕಿರುಬೆರಳಿಗೆ ಟೇಪು ಸುತ್ತುತ್ತಿದ್ದ. ಅಕ್ಟೋಬರಿನ ಒಂದು ಪಂದ್ಯದಲ್ಲಿ ಪಕ್, ಅಂದರೆ ಆಟದ ಗಟ್ಟಿ ರಬ್ಬರ್ ಬಿಲ್ಲೆ, ಬಡಿದು ಮುರಿದ ಬೆರಳು. ಡಾಕ್ಟರು ಮೂರು ವಾರ ಆಡಬೇಡ ಎಂದಿದ್ದರು. ಪಕ್ಕದ ಬೆರಳಿಗೆ ಸೇರಿಸಿ ಬಿಗಿದುಕೊಂಡು ಆರು ಪಂದ್ಯ ಆಡಿದ್ದ. ಯಾಕೆ ಆಡಿದ? ಮುಂದಿನ ವರ್ಷದ ಕರಾರಿಗಾಗಿ. ಆ ಕರಾರು ಯಾವತ್ತೋ ಸತ್ತು, ಅದರ ತಿಥಿಯ ತಯಾರಿಯೂ ಮುಗಿದಿತ್ತು, ಇವನೊಬ್ಬನಿಗೆ ಗೊತ್ತಿರಲಿಲ್ಲ.

ಇವನು ಯಾರು ಎಂದು ಸ್ವಲ್ಪ ಹೇಳಬೇಕು. ಲೊರೆಂಟ್ಸ್ ಹಾಬೆಗ್ಗರ್ ಹದಿನೆಂಟನೆಯ ವಯಸ್ಸಿನಿಂದ ಒಂದೇ ಕ್ಲಬ್ಬಿಗೆ ಆಡಿದವನು. ದೇಶದ ಎರಡನೆಯ ದರ್ಜೆಯ ಲೀಗು. ಸಂಬಳಕ್ಕೆ ಆಡುವವರೇ ಆದರೂ ಪೇಪರಿನಲ್ಲಿ ಫೋಟೋ ಬರುವಂಥವರಲ್ಲ. ಅವನದು ಡಿಫೆಂಡರ್ ಕೆಲಸ. ಹತ್ತೊಂಬತ್ತು ಚಳಿಗಾಲದಲ್ಲಿ ಅವನು ಹೊಡೆದ ಗೋಲು ಮೂವತ್ತೊಂದು. ತಡೆದದ್ದು ಎಷ್ಟು ಎಂದು ಯಾರೂ ಎಣಿಸಿಲ್ಲ, ಅದನ್ನು ಎಣಿಸುವ ಪದ್ಧತಿಯೇ ನಮ್ಮಲ್ಲಿಲ್ಲ. ಗೋಲು ಹೊಡೆದವನ ಹೆಸರು ಮೈಕಿನಲ್ಲಿ ಮೂರು ಸಲ ಕೂಗುತ್ತಾರೆ. ಪಕ್ಕಿಗೆ ಅಡ್ಡ ಮಲಗಿ ಪಕ್ಕೆಲುಬು ಮುರಿದುಕೊಂಡವನು ತಾನೇ ಎದ್ದು ಬೆಂಚಿಗೆ ಹೋಗಿ ಕೂರಬೇಕು. ಹುಡುಗರು ಅವನನ್ನು ಕೊಟ್ಟಿಗೆ ಬಾಗಿಲು ಎಂದು ಕರೆಯುತ್ತಿದ್ದರು. ದಪ್ಪ, ನಿಧಾನ, ಆದರೆ ಮುಚ್ಚಿತು ಎಂದರೆ ಮುಚ್ಚಿತು. ಅವನಿಗೆ ಆ ಹೆಸರು ಇಷ್ಟವೇ ಆಗಿತ್ತು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನನ್ನು ದೊಡ್ಡ ಊರಿನ ಕ್ಲಬ್ಬೊಂದು ಕರೆದಿತ್ತು. ಮೊದಲ ದರ್ಜೆಯ ಲೀಗು, ಮೂರು ವರ್ಷದ ಕಾಗದ. ಆಗ ಇಲ್ಲಿ ಅಧ್ಯಕ್ಷನಾಗಿದ್ದವನು ಮರ ಕೊಯ್ಯುವ ಕಾರ್ಖಾನೆಯ ಮುದುಕ ತ್ಸೌಗ್. ಗರಗಸಕ್ಕೆ ಎರಡು ಬೆರಳು ಕೊಟ್ಟಿದ್ದ ಆಸಾಮಿ. ಡ್ರೆಸ್ಸಿಂಗ್ ರೂಮಿಗೇ ಬಂದು, ಉಳಿದ ಮೂರು ಬೆರಳಿನ ಬಲಗೈ ಚಾಚಿ ನಿಂತ.

"ನನ್ನ ಹತ್ರ ಅವರಷ್ಟು ದುಡ್ಡಿಲ್ಲ ಕಣಯ್ಯ. ಒಂದು ಮಾತು ಕೊಡ್ತೀನಿ. ನೀನು ಇಲ್ಲೇ ಇದ್ರೆ, ಯಾವತ್ತು ನಿಲ್ಲಿಸ್ಬೇಕು ಅನ್ನೋದು ನಿನ್ನ ಬಾಯಿಂದ್ಲೇ ಬರ್ಬೇಕು. ಈ ಕ್ಲಬ್ಬಲ್ಲಿ ಬೇರೆ ಯಾರೂ ನಿನಗೆ ಅದನ್ನ ಹೇಳಲ್ಲ."

ಲೆಂಟ್ಸ್ ಕೈ ಹಿಡಿದ. ಇಲ್ಲಿ ಕೈ ಹಿಡಿದರೆ ಮುಗಿಯಿತು, ಅದರ ಮೇಲೆ ಕಾಗದ ಕೇಳಿದರೆ ಅವಮಾನ ಮಾಡಿದ ಹಾಗೆ. ಆ ಹೊತ್ತಿನಲ್ಲಿ ಪಕ್ಕದ ಬೆಂಚಿನಲ್ಲಿ ಸ್ಕೇಟ್ಸ್ ಬಿಚ್ಚುತ್ತ ಕೂತಿದ್ದವನು ಬೆಯಾಟ್ ಸ್ಟೆಟ್ಲರ್. ಎಂಟು ವರ್ಷ ಐಸಿನ ಮೇಲೆ ಲೆಂಟ್ಸ್‌ನ ಜೋಡಿ. ಇವನು ಎಡಕ್ಕೆ, ಅವನು ಬಲಕ್ಕೆ. ಅವನೇ ಸಾಕ್ಷಿ. "ಅಂತೂ ಮುದುಕ ನಿನ್ನ ಕಟ್ಟಿಹಾಕ್ಬಿಟ್ಟ" ಎಂದು ನಕ್ಕಿದ್ದವನೂ ಅವನೇ.

ಈ ಗಂಟೆ ಬರುವ ಹೊತ್ತಿಗೆ ಮುದುಕ ತ್ಸೌಗ್ ಸತ್ತು ಎರಡು ವರ್ಷವಾಗಿತ್ತು. ಮೊಣಕಾಲು ಹೋಗಿ ಆಟ ಬಿಟ್ಟ ಬೆಯಾಟ್ ಈಗ ಕ್ಲಬ್ಬಿನ ಕ್ರೀಡಾ ವ್ಯವಸ್ಥಾಪಕ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಲ್ಲ ಅವನದೇ. ಅವನು ಆಟ ಬಿಟ್ಟ ದಿನ ಏನಾಗಿತ್ತು ಗೊತ್ತೇ? ಮುದುಕನೇ ಅವನ ಮನೆಗೆ ಹೋಗಿ, "ಯಾವತ್ತು ಬೆಯಾಟ್? ನೀನು ಹೇಳು" ಎಂದು ಕೇಳಿದ್ದ. ಅವನೇ ಹೇಳಿದ್ದ, ಊರು ಅತ್ತಿತ್ತು. ಅಷ್ಟು ಮರ್ಯಾದೆ ಉಂಡು ತೇಗಿದವನು ಇವನು.

ಆ ವರ್ಷದ ಆಗಸ್ಟಿನಲ್ಲಿ ಲೆಂಟ್ಸ್ ಅವನ ಹತ್ತಿರ ಹೋಗಿ ನೇರವಾಗಿಯೇ ಕೇಳಿದ್ದ: ಇನ್ನೂ ಒಂದು ವರ್ಷ ಆಡುವ ಶಕ್ತಿ ನನ್ನಲ್ಲಿದೆ, ಏನಂತೀಯ? ಬೆಯಾಟ್ ಕಾಫಿಗೆ ಸಕ್ಕರೆ ಕಲಕುತ್ತ, "ಕ್ರಿಸ್ಮಸ್ ಕಳೀಲಿ, ಕೂತು ಮಾತಾಡೋಣ. ನೀನು ಚೆನ್ನಾಗಿ ಆಡ್ತಿರು. ಎಲ್ಲ ನಿನ್ನ ಕೈಯಲ್ಲೇ ಇದೆ" ಎಂದಿದ್ದ.

ಆ ಕೈಯಲ್ಲೇ ಈಗ ಮುರಿದ ಬೆರಳಿತ್ತು.

ಲೆಂಟ್ಸ್ ಅಂದು ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಗಂಟೆ ನೋಡಿದ. ಮುಟ್ಟಲಿಲ್ಲ. ಅಲ್ಲಿಂದ ನೇರ ಕಾರು ಹತ್ತಿ, ಎರಡು ಊರು ಆಚೆ ಇರುವ ಚರ್ಮದ ಕೆಲಸದ ವ್ಯೂಟ್ರಿಖ್‌ನ ಅಂಗಡಿಗೆ ಹೋದ. ವ್ಯೂಟ್ರಿಖ್ ಕಿವಿ ಸ್ವಲ್ಪ ಮಂದವಾದ ಮುದುಕ. ಇವನನ್ನು ಕಂಡು ಅವನ ಮುಖ ಅರಳಿತು.

"ಬಂತೇನಪ್ಪ? ಇಷ್ಟ ಆಯ್ತಾ? ಅಕ್ಷರದ ಸುತ್ತ ಎರಡು ಸಾಲು ಹೊಲಿಗೆ ಹಾಕಿದೀನಿ."

"ಇದನ್ನ ಮಾಡೋಕೆ ಯಾವಾಗ ಹೇಳಿದ್ರು ನಿಮಗೆ?"

"ಎರಡನೇ ಕೊಯ್ಲಿನ ಹುಲ್ಲು ಒಳಗೆ ತರೋ ಟೈಮು. ಆಗಸ್ಟ್ ಮೊದಲನೇ ವಾರ. ಸ್ಟೆಟ್ಲರೇ ಬಂದಿದ್ದ. ಮಾರ್ಚಿಗೆ ಬೇಕು ಅಂದ. ನಾನು, ಅಷ್ಟು ದಿನ ಯಾಕಪ್ಪ ಬೇಕು, ನವೆಂಬರಿಗೇ ಕೊಡ್ತೀನಿ ಅಂದೆ. ನಾನು ಯಾವತ್ತೂ ಹೇಳಿದ್ದಕ್ಕಿಂತ ಮುಂಚೆನೇ ಕೊಡೋದು."

ಆಗಸ್ಟ್ ಮೊದಲನೆಯ ವಾರ. ಕಾಫಿ ಕುಡಿದದ್ದು ಮೂರನೆಯ ವಾರ. ಸಕ್ಕರೆ ಕಲಕುವಾಗಲೇ ಚರ್ಮ ಕತ್ತರಿಸಿ ಆಗಿತ್ತು.

"ಈ ಇಸವಿ ಬದಲಾಯಿಸ್ಬೋದಾ?" ಲೆಂಟ್ಸ್ ಕೇಳಿದ. ಯಾಕೆ ಕೇಳಿದನೋ ಅವನಿಗೇ ಗೊತ್ತಿಲ್ಲ.

ಮುದುಕನಿಗೆ ಅದು ಬೈಗುಳದ ಹಾಗೆ ಕೇಳಿಸಿತು. "ಬದಲಾಯಿಸೋದಾ? ನನ್ನ ಹೊಲಿಗೆನಾ? ಬಿಚ್ಚೋಕೆ ಹೋದ್ರೆ ಚರ್ಮ ಹರಿಯುತ್ತೆ, ದಾರ ಬರಲ್ಲ. ನಾನು ಹಾಕಿದ್ದು ಹಾಕಿದ್ದೇ. ಯಾಕೆ, ತಪ್ಪಾಗಿದೆಯಾ? ಕೊಟ್ಟ ಚೀಟಿಲಿದ್ದ ಹಾಗೇ ಹೊಲ್ದಿದೀನಿ ನಾನು."

"ನಿಮ್ಮ ತಪ್ಪೇನಿಲ್ಲ ಬಿಡಿ" ಎಂದು ಲೆಂಟ್ಸ್ ಹೊರಗೆ ಬಂದ.

ವಾಪಸು ಬರುವ ದಾರಿಯಲ್ಲಿ ಒಂದೊಂದೇ ನೆನಪಾಗತೊಡಗಿತು. ಕರಡಿ ಬೋರ್ಡಿನ ಹೋಟೆಲಿನಲ್ಲಿ ಗುರುವಾರ ಸಂಜೆ ಹಾಡಿನ ಸಂಘದವರು ಅಭ್ಯಾಸ ಮಾಡುತ್ತಾರೆ. ಸೆಪ್ಟೆಂಬರಿನಿಂದ ಇವನು ಬಾಗಿಲು ತೆರೆದರೆ ಸಾಕು, ಹದಿನೆಂಟು ಗಂಡಸರು ಅರ್ಧ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಬಿಯರಿನ ಗ್ಲಾಸು ನೋಡುತ್ತಿದ್ದರು. ಗಂಟಲು ಕೆಟ್ಟಿದೆ ಎಂದು ಒಬ್ಬ ಹೇಳಿದ್ದ. ಹದಿನೆಂಟು ಗಂಟಲೂ ಒಟ್ಟಿಗೇ ಕೆಟ್ಟಿದ್ದವೇ? ಬ್ರೆಡ್ಡಿನಂಗಡಿಯ ಹೆಂಗಸು ಶನಿವಾರದ ಹೆಣೆದ ಬ್ರೆಡ್ಡನ್ನು ಕೈಗಿಡುವಾಗ, ಯಾರಿಗೋ ಕಾಯಿಲೆಯಾದವರಿಗೆ ಹೇಳುವ ಹಾಗೆ "ಹುಷಾರಾಗಿರು ಲೆಂಟ್ಸ್" ಎನ್ನುತ್ತಿದ್ದಳು. ಊರಿಗೆ ಊರೇ ಗೊತ್ತಿದ್ದು ಸುಮ್ಮನಿತ್ತು. ಇದಕ್ಕೆ ಇಲ್ಲಿ ಒಳ್ಳೆಯತನ ಎಂದು ಹೆಸರು. ಮನಸ್ಸಿಗೆ ನೋವಾಗಬಾರದು ನೋಡಿ, ಅದಕ್ಕೇ ಹೇಳುವುದಿಲ್ಲ. ಬೆನ್ನ ಹಿಂದೆ ಬೀಳ್ಕೊಡುಗೆಯ ಹಾಡು ಕಲಿಯುತ್ತಾರೆ. ಇಂಥ ಒಳ್ಳೆಯತನಕ್ಕೆ ಬೆಂಕಿ ಹಾಕಬೇಕು.

ಲೆಂಟ್ಸ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಕ್ಲಬ್ಬಿನ ಆಫೀಸಿನ ಬಾಗಿಲು ತಟ್ಟದೆ ಒಳಗೆ ನುಗ್ಗಿದ. ಬೆಯಾಟ್ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ.

"ಗಂಟೆ ಬಂದಿದೆ ಕಣೋ. ಕೊಟ್ಟಿಗೆಗೆ."

ಬೆಯಾಟ್‌ನ ಮುಖದ ಬಣ್ಣ ಇಳಿಯಿತು. ಮೊದಲು ಬಂದ ಮಾತು: "ಅಯ್ಯೋ, ಆ ವ್ಯಾನಿನವನು."

"ವ್ಯಾನಿನವನದ್ದು ಆಮೇಲೆ ನೋಡೋಣ. ನಿಂದು ಹೇಳು."

"ಲೆಂಟ್ಸ್, ಕೂತ್ಕೋ ಮಾರಾಯ. ನಾನೇ ಹೇಳೋನಿದ್ದೆ. ಸರಿಯಾದ ಸಮಯ ನೋಡ್ತಿದ್ದೆ."

"ಚರ್ಮದವನಿಗೆ ಹೇಳೋಕೆ ಸಮಯ ಸಿಕ್ತು. ಹಾಡೋರಿಗೆ ಹೇಳೋಕೆ ಸಮಯ ಸಿಕ್ತು. ನನಗೆ ಹೇಳೋಕೆ ಸಿಗ್ಲಿಲ್ಲ ಅಲ್ವಾ?"

"ಮುಂಚೇನೇ ಹೇಳಿದ್ರೆ ನಿನ್ನ ಆಟ ಕೆಡುತ್ತೆ ಅಂತ..."

ಈ ಒಂದು ಮಾತು ಅವನು ಆಡಬಾರದಿತ್ತು. ಲೆಂಟ್ಸ್ ಟೇಪು ಸುತ್ತಿದ ಎಡಗೈಯನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದ.

"ಇದನ್ನ ನೋಡು. ಮುಂದಿನ ವರ್ಷ ಇದೆ ಅಂತ ನಂಬ್ಕೊಂಡು ಇದರಲ್ಲಿ ಆರು ಮ್ಯಾಚ್ ಆಡಿದೀನಿ. ನಾಯಿಗೆ ಬ್ರೆಡ್ ತೋರಿಸಿ ಓಡಿಸ್ದ ಹಾಗೆ ಓಡಿಸ್ದೆಯಲ್ಲೋ. ಇನ್ನು ನಿನ್ನಿಂದ ಆಗಲ್ಲ, ನಿನಗಿಂತ ಚೆನ್ನಾಗಿ ಆಡೋ ಹುಡುಗರಿದಾರೆ ಅಂತ ಮುಖಕ್ಕೆ ಹೇಳಿದ್ರೆ ನಾನೇನು ಸಾಯ್ತಿದ್ನಾ? ಬೈದು, ಒಂದು ವಾರ ಕುಡಿದು, ಆಮೇಲೆ ನಾನೇ ಬಂದು ದಿನ ಹೇಳ್ತಿದ್ದೆ. ತ್ಸೌಗ್ ಕೊಟ್ಟ ಮಾತು ಅದೊಂದೇ ತಾನೇ? ದಿನ ನಾನು ಹೇಳೋದು. ನೀನು ಅಲ್ಲೇ ಕೂತಿದ್ದೆ."

"ತ್ಸೌಗ್ ಈಗಿಲ್ಲ ಲೆಂಟ್ಸ್. ಕಮಿಟಿ ಬೇರೆ ಇದೆ. ಹತ್ತು ವರ್ಷದ ಹಿಂದಿನ ಮಾತು..."

"ಮುದುಕ ಸತ್ತ. ನೀನು ಸತ್ತಿಲ್ವಲ್ಲ."

ಬೆಯಾಟ್ ಲ್ಯಾಪ್‌ಟಾಪ್ ಮುಚ್ಚಿದ. ಐಸಿನ ಮೇಲೆ ಎಂಟು ವರ್ಷದಲ್ಲಿ ಅವನು ಒಮ್ಮೆಯೂ ಲೆಂಟ್ಸ್‌ನನ್ನು ಒಬ್ಬನೇ ಬಿಟ್ಟವನಲ್ಲ. ಎದುರಾಳಿ ಇಬ್ಬರು ನುಗ್ಗಿದರೆ ಒಬ್ಬನನ್ನು ತಾನು ಹಿಡಿಯುತ್ತಿದ್ದ. ಅದು ಲೆಂಟ್ಸ್‌ಗೆ ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು. ಹಗೆಯವನು ಮಾಡಿದ್ದರೆ ಉಗಿದು ಬರಬಹುದಿತ್ತು.

"ಮಾರ್ಚಲ್ಲಿ ಎಷ್ಟು ಚೆನ್ನಾಗಿ ಮಾಡ್ಬೇಕು ಅಂತಿದ್ವಿ ಗೊತ್ತಾ" ಎಂದ ಬೆಯಾಟ್, ಮೆಲ್ಲಗೆ. "ಹಾಡು, ದೀಪ, ಎಲ್ಲ. ಊರೆಲ್ಲ ಬರ್ತಿತ್ತು."

ಲೆಂಟ್ಸ್ ಬಾಗಿಲು ಹಾಕಿಕೊಳ್ಳದೆ ಹೊರಟುಬಂದ.

ಅವನು ಏನು ಮಾಡಬಹುದಿತ್ತು? ಸುಮ್ಮನಿದ್ದು ಮಾರ್ಚಿನಲ್ಲಿ ಗಂಟೆ ಹೊತ್ತು, ಕಣ್ಣೊರೆಸಿಕೊಂಡು, ಕೈ ಬೀಸಿ ಬರಬಹುದಿತ್ತು. ಇಲ್ಲಿಯ ನೂರಕ್ಕೆ ತೊಂಬತ್ತೊಂಬತ್ತು ಗಂಡಸರು ಅದನ್ನೇ ಮಾಡುತ್ತಾರೆ. ಅವನೂ ಮೂರು ವಾರ ಬಾಯಿ ಬಿಡದೆ ಆಡಿದ. ಆದರೆ ಆ ಮೂರು ವಾರದ ಆಟವನ್ನು ನೋಡಿದವರು ಇವತ್ತಿಗೂ ಹೇಳುತ್ತಾರೆ. ಗೋಲಿನ ಮುಂದೆ ನಿಲ್ಲಲು ಬಂದ ಒಬ್ಬೊಬ್ಬನನ್ನೂ ಎತ್ತಿ ಬದಿಗಿಟ್ಟ. ಎದೆಗೆ, ತೊಡೆಗೆ, ಪಾದಕ್ಕೆ ಪಕ್ ಹೊಡೆಸಿಕೊಂಡ. ಹುಡುಗರು ಬೆಂಚಿನಲ್ಲಿ ಅವನ ಪಕ್ಕ ಕೂರಲು ಹೆದರುತ್ತಿದ್ದರು.

ಡಿಸೆಂಬರ್ ಹದಿನೈದು, ಶುಕ್ರವಾರ. ಪಂದ್ಯಕ್ಕೆ ಮೊದಲು ಲೆಂಟ್ಸ್ ಅಕ್ಕನ ಮನೆಗೆ ಹೋದ. ಅವಳು ಆಲೂಗಡ್ಡೆ ತುರಿದು ಹುರಿದು ರೋಷ್ಟಿ ಮಾಡಿ ಬಡಿಸಿದಳು. ತಟ್ಟೆ ಖಾಲಿಯಾದ ಮೇಲೆ ಹೇಳಿದ.

"ಅಕ್ಕ, ಇವತ್ತು ನಿಲ್ಲಿಸ್ತೀನಿ. ನಿನಗೆ ಮೊದಲು ಹೇಳ್ತಿದೀನಿ. ಆಮೇಲೆ ಗಂಟೆ ನೋಡಿ ತಿಳ್ಕೊಂಡೆ ಅಂತ ಬೈಬೇಡ."

ತೆರೆಸ್ ಬಾಣಲೆ ಕೆಳಗಿಟ್ಟಳು. "ಇನ್ನೂ ಮೂರು ತಿಂಗಳಿದೆಯಲ್ಲೋ. ಆಡೋ ಆಸೆ ಇಲ್ವ ನಿನಗೆ?"

"ಇದೆ. ಇದಕ್ಕಿಂತ ಜಾಸ್ತಿ ಯಾವತ್ತೂ ಇರ್ಲಿಲ್ಲ."

"ಮತ್ತೆ ಯಾಕೆ ನಿನ್ನ ಹೊಟ್ಟೆಗೆ ನೀನೇ ಒದ್ಕೋತೀಯ?"

"ಮೂರು ತಿಂಗಳು ಅವರು ಕೊಟ್ಟ ದಿನ ಕಾಯ್ತಾ ಆಡ್ಲಾ? ಆ ಮಾತು ಒಂದನ್ನ ನಂಬಿ ಇಲ್ಲೇ ಉಳಿದೋನು ನಾನು. ಅದನ್ನೂ ಬಿಟ್ಟುಕೊಟ್ರೆ ನನ್ನ ಹತ್ರ ಇನ್ನೇನು ಉಳಿಯುತ್ತೆ ಹೇಳು."

ಅವಳು ಅವನ ಎಡಗೈ ಹಿಡಿದು, ಸಡಿಲವಾಗಿದ್ದ ಟೇಪನ್ನು ಬಿಚ್ಚಿ ಹೊಸದು ಸುತ್ತಿದಳು.

ಅಂದು ಏರ್ಲೆನ್‌ಗ್ರಾಬನ್ ಎರಡು–ಒಂದು ಗೋಲಿನಿಂದ ಗೆದ್ದಿತು. ಕೊನೆಯ ಒಂದೂವರೆ ನಿಮಿಷ ಎದುರಾಳಿಗಳು ಗೋಲ್‌ಕೀಪರನ್ನೂ ಹೊರಗೆ ಕರೆದು ಆರು ಜನ ಮುತ್ತಿದರು. ಲೆಂಟ್ಸ್ ಮೂರು ಸಲ ಪಕ್ಕಿಗೆ ಅಡ್ಡ ಬಿದ್ದ. ಇಲ್ಲಿ ಪಂದ್ಯ ಮುಗಿದ ಮೇಲೆ ಎರಡೂ ಕಡೆಯವರು ಸಾಲಾಗಿ ನಿಲ್ಲುತ್ತಾರೆ, ಪ್ರತಿ ತಂಡದಿಂದ ಒಬ್ಬ ಅತ್ಯುತ್ತಮ ಆಟಗಾರನ ಹೆಸರು ಕೂಗಿ ಏನಾದರೂ ಕೊಡುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಇವನ ಹೆಸರು ಕೂಗಿದ್ದು ಎಣಿಸಿ ನಾಲ್ಕು ಸಲ. ಅಂದು ಐದನೆಯದು. ಚೀಸು, ಸಾಸೇಜು ತುಂಬಿದ ಬುಟ್ಟಿಯನ್ನು ಕೊಡಲು ಐಸಿನ ಮೇಲೆ ಹಾಸಿದ ಜಮಖಾನೆಯ ಮೇಲೆ ನಡೆದುಬಂದವನು ಯಾರು? ಕ್ರೀಡಾ ವ್ಯವಸ್ಥಾಪಕ ಬೆಯಾಟ್ ಸ್ಟೆಟ್ಲರ್.

ಲೆಂಟ್ಸ್ ಬುಟ್ಟಿ ತೆಗೆದುಕೊಂಡು ಪಕ್ಕದ ಹುಡುಗನ ಕೈಗೆ ಕೊಟ್ಟ. ಘೋಷಣೆ ಮಾಡುವವನ ಕೈಯಿಂದ ಮೈಕು ತೆಗೆದುಕೊಂಡ. ಹೆಲ್ಮೆಟ್ ತೆಗೆದ.

"ನಾನು ಹಾಬೆಗ್ಗರ್. ಇವತ್ತು ನನ್ನ ಕೊನೇ ಪಂದ್ಯ. ಮಾರ್ಚ್ ಅಂತ ನಿಮಗೆಲ್ಲ ಯಾರೋ ಹೇಳಿದಾರೆ ಅಂತ ಗೊತ್ತು. ಆಗಸ್ಟಿಂದ ನಿಮಗೆಲ್ಲ ಗೊತ್ತಿತ್ತು. ನನಗೆ ಮಾತ್ರ ಯಾರೂ ಹೇಳ್ಲಿಲ್ಲ. ಈ ಮಾತು ನನ್ನ ಬಾಯಿಂದ ಬರ್ಬೇಕಿತ್ತು, ಅದಕ್ಕೇ ಹೇಳ್ತಿದೀನಿ. ಹಾಡು ಕಲ್ತಿರೋರು ಮನೇಲಿ ಹಾಡ್ಕೊಳ್ಳಿ."

ಎರಡು ಸಾವಿರದ ಮುನ್ನೂರು ಜನ. ಚಪ್ಪಾಳೆ ತಟ್ಟುವುದೋ ಬೇಡವೋ ಅವರಿಗೆ ತಿಳಿಯಲಿಲ್ಲ. ತಟ್ಟಿದರೆ ತಪ್ಪೊಪ್ಪಿಕೊಂಡ ಹಾಗೆ, ತಟ್ಟದಿದ್ದರೂ ಹಾಗೆಯೇ. ಲೆಂಟ್ಸ್ ಯಾರನ್ನೂ ನೋಡದೆ ಸ್ಕೇಟ್ ಮಾಡಿಕೊಂಡು ಹೊರಬಾಗಿಲಿನವರೆಗೆ ಹೋದ. ಐಸು ಮುಗಿಯುವಲ್ಲಿ ಒಂದು ಕ್ಷಣ ಅವನ ಕಾಲು ನಿಂತಿತು. ಆಮೇಲೆ ದಾಟಿದ.

ಬೆಯಾಟ್ ಡ್ರೆಸ್ಸಿಂಗ್ ರೂಮಿನ ಓಣಿಯಲ್ಲಿ ಓಡುತ್ತ ಬಂದು ಅವನ ತೋಳು ಹಿಡಿದ. ಮನುಷ್ಯನಿಗೆ ಆ ಹೊತ್ತಿನಲ್ಲಿ ಹೇಳಲು ಎಷ್ಟೋ ಮಾತಿದ್ದವು. ತಪ್ಪಾಯಿತು ಎನ್ನಬಹುದಿತ್ತು. ನಿಲ್ಲು ಎನ್ನಬಹುದಿತ್ತು. ಅವನ ಬಾಯಿಂದ ಬಂದದ್ದು ಇದು:

"ಪಟ್ಟಿ ಮೇಲೆ ಇಪ್ಪತ್ನಾಲ್ಕು ಅಂತಿದೆಯಲ್ಲೋ. ಇಪ್ಪತ್ಮೂರಲ್ಲೇ ಬಿಟ್ರೆ ಅದು ಸುಳ್ಳಾಗಲ್ವಾ?"

ಲೆಂಟ್ಸ್ ಅವನನ್ನು ನೋಡಿದ. ನಗು ಬಂತು, ಕೆಟ್ಟ ನಗು.

"ಬಿಚ್ಚಿಸು ಹೋಗು."

"ವ್ಯೂಟ್ರಿಖ್‌ನ ಹೊಲಿಗೆ ಬಿಚ್ಚೋಕೆ ಬರಲ್ಲ."

"ಗೊತ್ತು" ಎಂದು ಲೆಂಟ್ಸ್ ತೋಳು ಬಿಡಿಸಿಕೊಂಡ.

ಚಳಿಗಾಲ ಅವನಿಗೆ ಸುಲಭವಾಗಿ ಕಳೆಯಲಿಲ್ಲ. ಗೆದ್ದೆ ಎಂದು ಎದೆಯುಬ್ಬಿಸಿ ಓಡಾಡಿದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಂಗಳವಾರ, ಶುಕ್ರವಾರ ಸಂಜೆಯಾದರೆ ಸಾಕು, ಕಾಲುಗಳು ತಾವೇ ಆಟದ ಚೀಲ ಹುಡುಕುತ್ತಿದ್ದವು. ಕೊಟ್ಟಿಗೆಯಲ್ಲಿ ಭಾವನ ಜೊತೆ ಹುಲ್ಲು ಎತ್ತುತ್ತ, ರೇಡಿಯೋದಲ್ಲಿ ಏರ್ಲೆನ್‌ಗ್ರಾಬನ್ ಸೋತದ್ದು ಕೇಳಿ, ಕವೆಗೋಲನ್ನು ಗೋಡೆಗೆ ಎಸೆದ. ಆಡುವ ಮೂರು ತಿಂಗಳನ್ನು ತನ್ನ ಕೈಯಾರೆ ಕಿತ್ತುಕೊಂಡಿದ್ದ. ಹಾಗೆ ಮಾಡುವಂತೆ ಮಾಡಿದವರ ಮೇಲೆ ಅವನಿಗಿದ್ದ ಸಿಟ್ಟು ಒಂದು ಚೂರೂ ಇಳಿಯಲಿಲ್ಲ.

ಮಾರ್ಚಿನಲ್ಲಿ, ಹಾಡು, ದೀಪ ಎಲ್ಲ ಇರಬೇಕಿದ್ದ ಶನಿವಾರದಂದೇ, ಬೆಯಾಟ್ ಕೊಟ್ಟಿಗೆಗೆ ಬಂದ. ಲೆಂಟ್ಸ್ ಹಾಲು ಕರೆಯುವ ಯಂತ್ರ ತೊಳೆಯುತ್ತಿದ್ದ. ಗಂಟೆ ಬಾಗಿಲ ಪಕ್ಕ ದಪ್ಪ ಮೊಳೆಗೆ ನೇತುಬಿದ್ದಿತ್ತು.

"ಗಂಟೆ ಕ್ಲಬ್ಬಿಂದು ಕಣೋ" ಎಂದ ಬೆಯಾಟ್. "ಐಸ್ ಸ್ಟೇಡಿಯಮ್ಮಿನ ಬಾಗಿಲಲ್ಲಿ ಗಾಜಿನ ಬೀರು ಇದೆಯಲ್ಲ, ಅಲ್ಲಿ ಇಡೋಣ ಅಂತ ಕಮಿಟಿಯೋರು ಅಂದ್ರು. ನಿನ್ನ ಹೆಸರು ಎಲ್ಲರ ಕಣ್ಣಿಗೆ ಬೀಳಲಿ ಅಂತ."

"ತಗೊಂಡು ಹೋಗು."

ಇಷ್ಟು ಸಲೀಸಾಗಿ ಒಪ್ಪುತ್ತಾನೆ ಎಂದು ಬೆಯಾಟ್ ಎಣಿಸಿರಲಿಲ್ಲ. ಗಂಟೆಯನ್ನು ಮೊಳೆಯಿಂದ ಇಳಿಸಿ ತೋಳಿನಲ್ಲಿ ಹಿಡಿದುಕೊಂಡ.

"ಒಂದು ಮಾತು" ಎಂದ ಲೆಂಟ್ಸ್, ನೀರು ನಿಲ್ಲಿಸದೆ. "ಬಂದೋರು ಕೇಳ್ತಾರೆ. ಈತ ಇಪ್ಪತ್ನಾಲ್ಕರಲ್ಲಿ ಒಂದು ದಿನಾನೂ ಆಡಿಲ್ವಲ್ಲ, ಇದ್ಯಾಕೆ ಹೀಗೆ ಹೊಲ್ದಿದೀರಿ ಅಂತ. ಆಗ ನೀನು ಹೇಳ್ಬೇಕು. ಏನು ನಡೀತೋ ಅದನ್ನೇ, ಆಗಸ್ಟಿಂದ. ಚೀಟಿ ಅಂಟಿಸ್ಬಾರದು, ಬೇರೆಯವರ ಕೈಲಿ ಹೇಳಿಸ್ಬಾರದು. ನಿನ್ನ ಬಾಯಿಂದ. ಅಷ್ಟು ಮಾಡೋದಾದ್ರೆ ತಗೊಂಡು ಹೋಗು."

ಬೆಯಾಟ್ ನಿಂತೇ ಇದ್ದ. ಗಂಟೆ ಹಗುರವೇನಲ್ಲ, ಇನ್ನೊಂದು ತೋಳಿಗೆ ಬದಲಿಸಿಕೊಂಡ. ಹೆಬ್ಬೆರಳು ಪಟ್ಟಿಯ ಮೇಲಿನ ಕೊನೆಯ ಅಂಕಿಯ ಮೇಲೆ ಓಡಾಡಿತು. ಕೊನೆಗೆ ಗಂಟೆಯನ್ನು ಅದೇ ಮೊಳೆಗೆ ನೇತುಹಾಕಿದ, ಸದ್ದಾಗದ ಹಾಗೆ ಅದರ ನಾಲಿಗೆಯನ್ನು ಕೈಯಲ್ಲಿ ಹಿಡಿದುಕೊಂಡು.

"ಇನ್ನೊಂದು ದಿನ ಬರ್ತೀನಿ ಲೆಂಟ್ಸ್" ಎಂದ. "ಕೂತು ಮಾತಾಡೋಣ."

ಲೆಂಟ್ಸ್ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡ. ಎಡಗೈಯ ಕಿರುಬೆರಳು ಸೊಟ್ಟಗೆ ಕೂಡಿಕೊಂಡಿತ್ತು, ಅದು ಈಗ ಪೂರ್ತಿ ಮಡಚುವುದಿಲ್ಲ. ಬೆಯಾಟ್‌ನ ಕಾರು ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತು ನೋಡಿದ. ಅದಾಗಿ ಎರಡು ಚಳಿಗಾಲ ಕಳೆದಿವೆ, ಗಂಟೆ ಇನ್ನೂ ಆ ಮೊಳೆಯಲ್ಲೇ ಇದೆ.